ಬರೆದಿಟ್ಟದ್ದು ಬೇಕಾದಾಗ ಸಿಗಬೇಕು

ಕಾಸರಗೋಡಿನ ಕಡೆ ಎಷ್ಟೋ ಅಡಿಕೆ ಕೃಷಿಕರ ಮನೆಯಲ್ಲಿ ಹಳೆಯ ಡೈರಿಗಳಿವೆ. ಮದ್ದು ಬಿಟ್ಟ ದಿನ, ಮಳೆ ಹಿಡಿದ ದಿನ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ಬತ್ತಿದ ತಿಂಗಳು ಎಲ್ಲವೂ ಅದರಲ್ಲಿ ಉಂಟು. ಆದರೆ ಅಡಿಕೆಯ ಕೊಳೆರೋಗ ಮಹಾಳಿ ಜೋರಾದ ವರ್ಷ ಮೊದಲ ಮದ್ದು ಯಾವಾಗ ಬಿಟ್ಟದ್ದು ಎಂದು ಕೇಳಿದರೆ? ಉತ್ತರ ಯಾವುದೋ ಪುಟದಲ್ಲಿದೆ. ಹುಡುಕಲು ಇಡೀ ಮಧ್ಯಾಹ್ನ ಬೇಕು.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927–1998) ಕಂಪ್ಯೂಟರ್ ಇಲ್ಲದೆಯೇ ಇದಕ್ಕೊಂದು ದಾರಿ ಮಾಡಿಕೊಂಡಿದ್ದರು. ಅವರ ಪೆಟ್ಟಿಗೆಗಳಲ್ಲಿ ಸುಮಾರು 90,000 ಚೀಟಿಗಳಿದ್ದವು. ಪ್ರತಿ ಚೀಟಿಗೂ ಒಂದು ನಂಬರು. ಅದಕ್ಕೆ ಸಂಬಂಧಪಟ್ಟ ಬೇರೆ ಚೀಟಿಗಳ ನಂಬರನ್ನೂ ಅದರಲ್ಲೇ ಬರೆದಿಡುತ್ತಿದ್ದರು. ಹೀಗೆ ಒಂದು ಚೀಟಿ ಹಿಡಿದರೆ ಅದರ ನಂಟಿನವೆಲ್ಲ ಸಿಗುತ್ತಿದ್ದವು.

ಅಬ್ಸಿಡಿಯನ್, ಲಾಗ್‌ಸೆಕ್‌ನಂಥ ಟಿಪ್ಪಣಿ ಆ್ಯಪ್‌ಗಳು ಮಾಡುವುದೂ ಇದನ್ನೇ. ‘ಮಹಾಳಿ’ ಎಂದು ಒಂದು ಪುಟ ಮಾಡಿ. ಅದು ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗ, ಬಿಡದೆ ಸುರಿಯುವ ಮಳೆಯಲ್ಲಿ ಜಾಸ್ತಿ ಹರಡುತ್ತದೆ ಎಂದು ಬರೆಯಿರಿ. ಅದಕ್ಕೆ ಬಿಡುವ ಮದ್ದು ‘ಬೋರ್ಡೋ’. ಆ ಹೆಸರಿನ ಇನ್ನೊಂದು ಪುಟದಲ್ಲಿ ಶೇ. 1ರ ದ್ರಾವಣದ ಲೆಕ್ಕ ಇರಲಿ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಇನ್ನು ದಿನದ ಟಿಪ್ಪಣಿಯಲ್ಲಿ ಈ ಹೆಸರು ಬಂದಲ್ಲೆಲ್ಲ ಅದನ್ನು [[ಮಹಾಳಿ]] ಎಂದು ಜೋಡಿ ಚೌಕ ಕಂಸದೊಳಗೆ ಹಾಕಿದರೆ ಆ ಪುಟಕ್ಕೆ ಕೊಂಡಿ (ಲಿಂಕ್) ಬೀಳುತ್ತದೆ. ‘ಮಹಾಳಿ’ ಪುಟ ತೆರೆದಾಗ ಅದನ್ನು ಹೆಸರಿಸಿದ ದಿನಗಳೆಲ್ಲ ಒಂದೇ ಕಡೆ ಕಾಣುತ್ತವೆ. ಇದಕ್ಕೇ ನಾನು ಫೋಲ್ಡರ್‌ಗಿಂತ ಕೊಂಡಿಯನ್ನು ಮೆಚ್ಚುವುದು. ಸುರಂಗದ ಟಿಪ್ಪಣಿಯನ್ನು ನೀರಿನ ಫೋಲ್ಡರ್‌ಗೆ ಹಾಕುವುದೋ ಅದನ್ನು ಕೊರೆದ ಮುರಕಲ್ಲಿನದಕ್ಕೋ (ಜಂಬಿಟ್ಟಿಗೆ) ಎಂಬ ಚಿಂತೆಯೇ ಬೇಡ.

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ವಿಷಯ ಬೇರೆ ಇದೆ. ನಮ್ಮ ಪದಗಳು ವಿಭಕ್ತಿ ಸೇರಿದ ಕೂಡಲೇ ರೂಪ ಬದಲಿಸುತ್ತವೆ. ‘ನೀರು’ ಎಂದು ಹುಡುಕಿದರೆ ‘ನೀರಿನ’, ‘ನೀರಿಗೆ’ ಸಿಗುವುದಿಲ್ಲ, ಯಾಕೆಂದರೆ ಕೊನೆಯ ಉಕಾರ ಅಲ್ಲಿ ಇಲ್ಲ. ‘ನೀರ’ ಎಂದಷ್ಟೇ ಹುಡುಕಿದರೆ ಮೂರೂ ಸಿಗುತ್ತವೆ. ಕೊಂಡಿಗೂ ಇದೇ ತೊಡಕು. [[ಸುರಂಗ]]ದಲ್ಲಿ ಎಂದು ಪ್ರತ್ಯಯವನ್ನು ಕಂಸದ ಹೊರಗೆ ಅಂಟಿಸಬಹುದು. ‘ನೀರಿನ’ ಎಂಬುದಕ್ಕೆ ಅಬ್ಸಿಡಿಯನ್‌ನಲ್ಲಿ [[ನೀರು|ನೀರಿನ]] ಎಂದು ನಡುವೆ ಗೆರೆ ಹಾಕಬೇಕು. ಓದುವಾಗ ‘ನೀರಿನ’ ಎಂದು ಕಾಣುತ್ತದೆ, ಒತ್ತಿದರೆ ‘ನೀರು’ ಪುಟ ತೆರೆಯುತ್ತದೆ.

ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳನ್ನು ಸುಮ್ನೆ ತಂದು ಸುರಿದರೆ ಪ್ರಯೋಜನವಿಲ್ಲ. ಅವುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕೂತಿವೆ. ಕಣ್ಣಿಗೆ ಕನ್ನಡ, ಹುಡುಕಾಟಕ್ಕೆ ಅಲ್ಲ. ಮೊದಲು ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಗಡಿನಾಡಿನವರಿಗೆ ಇನ್ನೊಂದು ಅನುಕೂಲ. ಕೇರಳ ಸರಕಾರದ ಕೃಷಿ ಕಚೇರಿಯಾದ ಕೃಷಿ ಭವನದಿಂದ ಬರುವ ಮಲಯಾಳ ಕಾಗದದಲ್ಲಿ ಅದೇ ರೋಗದ ಹೆಸರು ಮಲಯಾಳ ಲಿಪಿಯಲ್ಲಿ ಇರುತ್ತದೆ, ಅಲ್ವಾ? ಅದನ್ನು ‘ಮಹಾಳಿ’ ಪುಟದ ಮೇಲ್ತುದಿಯಲ್ಲಿ ಪರ್ಯಾಯ ಹೆಸರಾಗಿ ಮಲಯಾಳ ಲಿಪಿಯಲ್ಲೇ ಸೇರಿಸಿದರೆ, ಯಾವ ಭಾಷೆಯಲ್ಲಿ ಹುಡುಕಿದರೂ ಅದೇ ಪುಟ ಬರುತ್ತದೆ.

ಆ್ಯಪ್ ಆರಿಸುವಾಗ ನಾನು ಮೊದಲು ನೋಡುವುದು ಟಿಪ್ಪಣಿ ಎಲ್ಲಿ ಉಳಿಯುತ್ತದೆ ಎಂಬುದನ್ನು. ಅಬ್ಸಿಡಿಯನ್‌ನದು ನಿಮ್ಮ ಕಂಪ್ಯೂಟರ್‌ನಲ್ಲೇ ಇರುವ ಸಾದಾ ಪಠ್ಯದ ಕಡತಗಳು, 2004ರಲ್ಲಿ ಬಂದ ಮಾರ್ಕ್‌ಡೌನ್ ಎಂಬ ಸರಳ ಕ್ರಮದಲ್ಲಿ. ನಾಳೆ ಆ್ಯಪ್ ನಿಂತುಹೋದರೂ ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದು. ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ ಮಕ್ಕಳ ಕೈಗೂ ಕೊಡಬಹುದು.