ಡ್ರೈ ವಾಲ್ಯೂಮ್: ಸ್ಲ್ಯಾಬ್ ಲೆಕ್ಕದಲ್ಲಿ ಬರುವ 1.54 ಏನು?

ಹತ್ತು ಲೀಟರಿನ ಬಕೆಟ್‌ಗೆ ಕಂಠದವರೆಗೆ ಜಲ್ಲಿ ತುಂಬಿಸಿ. ಇನ್ನು ಜಾಗವೇ ಇಲ್ಲ ಅನಿಸುತ್ತದೆ, ಅಲ್ವಾ? ಈಗ ಅದರ ಮೇಲೆ ಚೊಂಬಿನಿಂದ ನೀರು ಹುಯ್ಯುತ್ತಾ ಹೋಗಿ. ಹೆಚ್ಚುಕಡಿಮೆ ನಾಲ್ಕು ಲೀಟರ್ ನೀರು ಒಂದು ಹನಿಯೂ ತುಳುಕದೆ ಒಳಗೆ ಇಳಿದುಬಿಡುತ್ತದೆ. ಕಲ್ಲು ಕಲ್ಲಿನ ನಡುವೆ ಅಷ್ಟು ಸಂದಿ ಇತ್ತು.

ಕಾಂಕ್ರೀಟ್ ಕಲಸುವಾಗ ಆಗುವುದೂ ಇದೇ. ಜಲ್ಲಿಯ ಸಂದಿಗೆ ಮರಳು ಇಳಿಯುತ್ತದೆ. ಮರಳಿನ ಸಂದಿಗೆ ಸಿಮೆಂಟು, ನೀರು ಸೇರಿಕೊಳ್ಳುತ್ತವೆ. ಮೂರು ಬೇರೆ ಬೇರೆ ರಾಶಿಗಳಾಗಿ ಅಳೆದ ಸಾಮಾನು, ಕಲಸಿ ಸುರಿದು ವೈಬ್ರೇಟರ್ ಬಿಟ್ಟ ಮೇಲೆ ಕುಗ್ಗಿ ಕೂರುತ್ತದೆ. ಕುಗ್ಗುವ ಮೊದಲಿನ ಆ ಒಣ ಅಳತೆಯೇ ಡ್ರೈ ವಾಲ್ಯೂಮ್. ಸುರಿದ ಮೇಲೆ ಸ್ಲ್ಯಾಬ್ ತುಂಬುವ ಅಳತೆ ವೆಟ್ ವಾಲ್ಯೂಮ್. 1 ಘನ ಮೀಟರ್ ಕಾಂಕ್ರೀಟ್ ಬೇಕಾದರೆ ಒಣ ಸಾಮಾನು ಸುಮಾರು 1.54 ಘನ ಮೀಟರ್ ಹಿಡಿಯುತ್ತಾರೆ. ಇದು ಅನುಭವದಿಂದ ಬಂದ ಅಂದಾಜು. ಜಲ್ಲಿಯ ಆಕಾರ ಬದಲಾದರೆ, ಮರಳಿನಲ್ಲಿ ತೇವವಿದ್ದರೆ ಸ್ವಲ್ಪ ಆಚೀಚೆ ಆಗುತ್ತದೆ. ಅದಕ್ಕೇ ಕೆಲವರು 1.52 ಅಂತಲೋ 1.57 ಅಂತಲೋ ಹಿಡಿಯುವುದುಂಟು.

ಒಂದು ಲೆಕ್ಕ ಹಾಕಿ ನೋಡೋಣ. ಸ್ಲ್ಯಾಬ್ 6 ಮೀಟರ್ ಉದ್ದ, 4 ಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪ ಇದೆ ಅನ್ನಿ. ದಪ್ಪವನ್ನೂ ಮೀಟರಿಗೆ ತಂದರೆ 0.1. ಮೂರನ್ನೂ ಗುಣಿಸಿದರೆ 2.4 ಘನ ಮೀಟರ್. ಇದು ವೆಟ್ ವಾಲ್ಯೂಮ್. 1.54ರಿಂದ ಗುಣಿಸಿದರೆ ಸುಮಾರು 3.7. ಸಿಮೆಂಟ್, ಮರಳು, ಜಲ್ಲಿಯ ಮಿಶ್ರಣ 1:1.5:3 ಆದರೆ ಒಟ್ಟು 5.5 ಪಾಲು. 3.7ನ್ನು ಹಾಗೆ ಪಾಲು ಮಾಡಿದರೆ ಸಿಮೆಂಟ್ 0.67, ಮರಳು 1, ಜಲ್ಲಿ 2 ಘನ ಮೀಟರ್ ಬರುತ್ತದೆ. ಸಿಮೆಂಟ್ ಘನ ಮೀಟರಿಗೆ 1440 ಕೆ.ಜಿ. ತೂಗುತ್ತದೆ ಅಂತ ಹಿಡಿದರೆ 50 ಕೆ.ಜಿ. ಚೀಲ ಇಪ್ಪತ್ತು ಬೇಕು.

ಎಡವಟ್ಟಾಗುವುದು ಮುಂದೆ. 1.54 ಇರುವುದು ಸಾಮಾನು ತಂದು ಸ್ಥಳದಲ್ಲೇ ಕಲಸುವವರಿಗೆ ಮಾತ್ರ. ರೆಡಿಮಿಕ್ಸ್ ತರಿಸುವವರು ಹೇಳಬೇಕಾದ್ದು ವೆಟ್ ವಾಲ್ಯೂಮ್. ಲಾರಿಯಲ್ಲಿ ಬರುವುದು ಕಲಸಿದ ಕಾಂಕ್ರೀಟೇ. ಅಲ್ಲೂ 1.54 ಸೇರಿಸಿದರೆ ಬೇಕಾದ್ದಕ್ಕಿಂತ ಅರ್ಧಕ್ಕೂ ಮೀರಿ ಜಾಸ್ತಿ ಬಂದು ನಿಲ್ಲುತ್ತದೆ. ಅದನ್ನು ಎಲ್ಲಿ ಸುರಿಯುವುದು? ಹಾಗೇ, ಚೆಲ್ಲಿ ಹೋಗುವುದಕ್ಕೆ ಇಡುವ 5ರಿಂದ 10 ಶೇಕಡಾ ಬೇರೆ ಲೆಕ್ಕ. ಅದು 1.54ರೊಳಗೆ ಸೇರಿಲ್ಲ. ಎರಡೂ ವಿಧಾನದಲ್ಲಿ ಅದನ್ನು ಸೇರಿಸಲೇಬೇಕು. ಕಂಬಿ ತಿನ್ನುವ ಜಾಗ ತೀರಾ ಕಡಿಮೆ, ಅದನ್ನು ಕಳೆಯುವ ಗೋಜಿಗೆ ಹೋಗಬೇಡಿ.

ಆದರೆ ಎಷ್ಟೇ ಜೋಪಾನವಾಗಿ ಗುಣಿಸಿದರೂ ದಪ್ಪ ತಪ್ಪಿದರೆ ಎಲ್ಲಾ ತಪ್ಪುತ್ತದೆ. ಉದ್ದದಲ್ಲಿ 1 ಸೆಂಟಿಮೀಟರ್ ಹೆಚ್ಚಾದರೆ ಗೊತ್ತೂ ಆಗುವುದಿಲ್ಲ. ಅದೇ 1 ಸೆಂಟಿಮೀಟರ್ ದಪ್ಪದಲ್ಲಿ ಹೆಚ್ಚಾದರೆ ನಮ್ಮ ಸ್ಲ್ಯಾಬಿಗೆ 0.24 ಘನ ಮೀಟರ್ ಕಾಂಕ್ರೀಟ್ ಜಾಸ್ತಿ ಬೇಕು. ಅಂದರೆ ಪೂರ್ತಿ ಹತ್ತು ಶೇಕಡಾ. ಚೆಲ್ಲುವುದಕ್ಕೆ ಅಂತ ಇಟ್ಟಿದ್ದೆಲ್ಲ ಅಲ್ಲೇ ಮುಗಿಯಿತು. ಕೊನೆಯ ಮೂಲೆಯಲ್ಲಿ ಕಾಂಕ್ರೀಟ್ ಸಾಲದೆ ಹೋದರೆ, ಇನ್ನೊಂದು ಕಂತು ಬರುವಷ್ಟರಲ್ಲಿ ಮೊದಲು ಹಾಕಿದ್ದು ಬಿಗಿದುಕೊಳ್ಳುತ್ತದೆ. ಆ ಜಾಗದ ಬೆಸುಗೆ ಕೂಡುವುದಿಲ್ಲ, ಮುಂದೆ ನೀರು ಇಳಿಯುವುದೂ ಅಲ್ಲೇ.

ನೆಲದ ಮೇಲಿನ ಸ್ಲ್ಯಾಬ್ ಆದರೆ ಈ ತಪ್ಪು ತುಂಬಾ ಸುಲಭವಾಗಿ ಆಗುತ್ತದೆ, ಯಾಕೆಂದರೆ ಕೆಳಗಿನ ಮಣ್ಣು ಎಲ್ಲಾ ಕಡೆ ಸಮ ಇರುವುದಿಲ್ಲ. ಕಾಂಕ್ರೀಟ್ ತಡೆಯಲು ಆಚೆ ಈಚೆ ನಿಲ್ಲಿಸಿದ ಹಲಗೆಗಳ ಮೇಲಂಚಿಗೆ ದಾರ ಬಿಗಿದು ಕಟ್ಟಿ. ದಾರದಿಂದ ನೆಲಕ್ಕೆ ಟೇಪ್ ಹಿಡಿದು ಏಳೆಂಟು ಕಡೆ ಅಳೆಯಿರಿ. ನಡುವೆಯೂ ಅಳೆಯಿರಿ, ಬರೀ ಅಂಚಿನಲ್ಲಿ ಅಲ್ಲ. ಬಂದ ಅಳತೆಗಳನ್ನು ಕೂಡಿ ಸರಾಸರಿ ತೆಗೆದು, ನಕ್ಷೆಯಲ್ಲಿರುವ ದಪ್ಪದ ಬದಲು ಅದನ್ನೇ ಲೆಕ್ಕಕ್ಕೆ ಹಾಕಿ.