ನಿಜವೋ ಸುಳ್ಳೋ ಅಂತಲ್ಲ, ಯಾರ ಮೇಲೆ ಅಂತ ಕೇಳಿ

ಶಿವಮೊಗ್ಗದಲ್ಲಿರುವ ನನ್ನ ಸೋದರಮಾವ ವಾರಕ್ಕೆ ಒಂದಾದರೂ ವಾಟ್ಸಾಪ್ ಫಾರ್ವರ್ಡ್ ಕಳಿಸುತ್ತಾರೆ. ಅದರ ಕೆಳಗೆ ಯಾವಾಗಲೂ ಒಂದೇ ಸಾಲು: ‘ಪುಟ್ಟಿ, ಇದು ನಿಜವೋ ಸುಳ್ಳೋ?’ ನಾನು ಬಹಳ ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ವಿದೇಶ ಸುದ್ದಿ ನೋಡಿಕೊಂಡವಳು. ಈಗ ಮಾಡುತ್ತಿರುವುದು ಫ್ಯಾಕ್ಟ್‌ಚೆಕ್ ಕೆಲಸ. ಹಾಗಾಗಿ ಮಾವನ ಪ್ರಶ್ನೆ ನನ್ನ ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಆದರೆ ಅಮೆರಿಕದ ವಿಡಂಬನೆಯ ಮಟ್ಟಿಗೆ ಈ ಪ್ರಶ್ನೆಯೇ ತಪ್ಪು. ಇದನ್ನು ನಾನು ಎಷ್ಟು ಜನರಿಗೆ, ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಹೋದ ತಿಂಗಳು ಬಂದದ್ದು ಜೋಡಿ ಚಿತ್ರ. ಎಡಗಡೆ ಎಸ್ಕಲೇಟರ್‌ನಲ್ಲಿ ಇಳಿಯುತ್ತಿರುವ ಕಾರ್ಟೂನ್ ಟ್ರಂಪ್, ಬಲಗಡೆ ನಿಜವಾದ ಟ್ರಂಪ್. ‘2000ನೇ ಇಸವಿಯಲ್ಲೇ ಸಿಂಪ್ಸನ್ಸ್ ಹೇಳಿದ ಭವಿಷ್ಯ’ ಅಂತ ಮೇಲೆ ಬರೆದಿತ್ತು. ಸಿಂಪ್ಸನ್ಸ್ ಅಂದರೆ ಅಮೆರಿಕದ ಟಿವಿಯ ಕಾರ್ಟೂನ್ ಧಾರಾವಾಹಿ. ಎಸ್ಕಲೇಟರ್ ಕಾರ್ಟೂನ್ ಬಂದಿದ್ದು 2015ರ ಜುಲೈನಲ್ಲಿ. ಟ್ರಂಪ್ ಎಸ್ಕಲೇಟರ್ ಇಳಿದು ಬಂದು ಸ್ಪರ್ಧೆ ಘೋಷಿಸಿದ್ದು ಅದೇ ವರ್ಷದ ಜೂನ್ 16ಕ್ಕೆ. ಅಂದರೆ ಕಾರ್ಟೂನೇ ಆಮೇಲಿನದು. ಹಾಗಂತ ಎಲ್ಲವೂ ಕಟ್ಟುಕತೆಯಲ್ಲ. 2000ದ ಮಾರ್ಚ್‌ನಲ್ಲಿ ಬಂದ ಒಂದು ಕಂತಿನಲ್ಲಿ, ದೊಡ್ಡವಳಾಗಿ ಅಧ್ಯಕ್ಷೆಯಾದ ಅದರ ಬಾಲಪಾತ್ರ ಲೀಸಾ, ಹಿಂದಿನ ಅಧ್ಯಕ್ಷ ಟ್ರಂಪ್ ಖಜಾನೆಯನ್ನು ಹಾಳುಮಾಡಿ ಹೋಗಿದ್ದಾರೆ ಅನ್ನೋ ಅರ್ಥದ ಮಾತು ಆಡುತ್ತಾಳೆ. ಆ ಕಾಲದ ಸುದ್ದಿ ನೋಡಿದರೆ ಇದರಲ್ಲಿ ಪವಾಡ ಏನೂ ಕಾಣುವುದಿಲ್ಲ. 1999ರ ಅಕ್ಟೋಬರ್‌ನಿಂದ 2000ದ ಫೆಬ್ರುವರಿವರೆಗೆ ಟ್ರಂಪ್ ರಿಫಾರ್ಮ್ ಪಾರ್ಟಿಯಿಂದ ಅಧ್ಯಕ್ಷ ಸ್ಪರ್ಧೆಗೆ ಇಳಿಯುವ ಮಾತು ಆಡುತ್ತಲೇ ಇದ್ದರು. ಕಣ್ಣೆದುರು ಇದ್ದುದನ್ನೇ ಬರಹಗಾರರು ಹಿಡಿದು ಎಳೆದು ಉದ್ದ ಮಾಡಿದರು.

‘ಹಾಗಾದ್ರೆ ಸುಳ್ಳು ಅನ್ನು’ ಅಂದರು ಮಾವ ಫೋನಿನಲ್ಲಿ.

‘ಚಿತ್ರದ ಮೇಲೆ ಬರೆದಿರೋದು ಸುಳ್ಳು ಮಾವ. ಆ ಕಂತು ಸುಳ್ಳೂ ಅಲ್ಲ, ನಿಜವೂ ಅಲ್ಲ. ಅದು ಯಾರನ್ನ ಕುಟುಕಿತ್ತು ಅಂತ ಕೇಳಿ.’

ಅವರಿಗೆ ಸಮಾಧಾನ ಆಗಲಿಲ್ಲ. ಇನ್ನೊಂದು ಸಲ ಹೇಳುತ್ತೇನೆ. ಸುಳ್ಳು ಸುದ್ದಿ ಬರೆಯುವವನಿಗೆ ನೀವು ನಂಬಿದರೆ ಸಾಕು. ವಿಡಂಬನೆ ಬರೆಯುವವನಿಗೆ ನೀವು ನಂಬಿದರೆ ಸೋಲು. ಅವನು ಇಲ್ಲದ್ದನ್ನು ಹೇಳುವುದು, ಇದ್ದದ್ದರ ಕಡೆ ನಿಮ್ಮ ಕತ್ತು ತಿರುಗಿಸಲಿಕ್ಕೆ. ನಿಜವೋ ಸುಳ್ಳೋ ಅಂತ ಕೇಳಿದರೆ ‘ಸುಳ್ಳು’ ಅನ್ನುವ ಉತ್ತರ ಸಿಕ್ಕಿ ಅಲ್ಲಿಗೇ ಮುಗಿಯುತ್ತದೆ. ಅವನು ಬೆರಳು ತೋರಿಸಿದ ಕಡೆ ಯಾರೂ ನೋಡುವುದಿಲ್ಲ.

ನಮ್ಮವರು ಎಡವುವುದಕ್ಕೆ ಕಾರಣವಿದೆ, ಅದಕ್ಕೆ ದಡ್ಡತನ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮಲ್ಲಿ ಹಾಸ್ಯ ವೇಷ ಹಾಕಿಕೊಂಡೇ ಬರುತ್ತದೆ. ಯಕ್ಷಗಾನದಲ್ಲಿ ಹಾಸ್ಯಗಾರ ರಂಗಕ್ಕೆ ಕಾಲಿಡುತ್ತಿದ್ದ ಹಾಗೇ ಮಕ್ಕಳಿಗೂ ಗೊತ್ತಾಗುತ್ತದೆ, ಇನ್ನು ನಗಬಹುದು ಅಂತ. ಪತ್ರಿಕೆಯಲ್ಲೂ ವಿಡಂಬನೆಗೆ ಬೇರೆ ಚೌಕಟ್ಟು, ಪಕ್ಕದಲ್ಲೊಂದು ವ್ಯಂಗ್ಯಚಿತ್ರ. ಅಮೆರಿಕದ ವಿಡಂಬನೆಯ ಒಂದು ದೊಡ್ಡ ಪಂಗಡ ವೇಷವನ್ನೇ ಹಾಕುವುದಿಲ್ಲ. ವರದಿಗಾರನ ಅಂಗಿ ತೊಟ್ಟು, ವರದಿಗಾರನ ದನಿಯಲ್ಲಿ, ತುಟಿ ಅಲುಗದ ಹಾಗೆ ಮಾತಾಡುತ್ತದೆ. 1988ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಊರಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಶುರುಮಾಡಿದ ‘ದಿ ಆನಿಯನ್’ ಪತ್ರಿಕೆ ಈ ಪಂಗಡದ ಹಿರಿಯ.

ಇದು ಇಂದು ನಿನ್ನೆಯ ಸಂಗತಿಯೂ ಅಲ್ಲ. 1862ರ ಅಕ್ಟೋಬರ್‌ನಲ್ಲಿ ನೆವಾಡದ ವರ್ಜೀನಿಯಾ ಸಿಟಿಯ ‘ಟೆರಿಟೋರಿಯಲ್ ಎಂಟರ್‌ಪ್ರೈಸ್’ ಪತ್ರಿಕೆಯಲ್ಲಿ ಒಂದು ಸಣ್ಣ ವರದಿ ಬಂತು. ಬೆಟ್ಟದಲ್ಲಿ ಕಲ್ಲಾಗಿ ಹೋದ ಮನುಷ್ಯನೊಬ್ಬ ಸಿಕ್ಕಿದ್ದಾನೆ ಅಂತ. ಬರೆದವರು ಸ್ಯಾಮ್ಯುಯೆಲ್ ಕ್ಲೆಮೆನ್ಸ್. ಮಾರ್ಕ್ ಟ್ವೈನ್ ಅನ್ನುವ ಹೆಸರು ಅವರಿಗೆ ಇನ್ನೂ ಬಂದಿರಲಿಲ್ಲ. ಹಳೆಯ ವಸ್ತು ಕಲ್ಲಾಗಿ ಸಿಕ್ಕಿತು ಅನ್ನುವ ಸುದ್ದಿಗಳ ಹುಚ್ಚನ್ನೂ, ತಮಗೆ ಆಗದ ಒಬ್ಬ ಸ್ಥಳೀಯ ಅಧಿಕಾರಿಯನ್ನೂ ಒಟ್ಟಿಗೆ ಕುಟುಕುವುದು ಅವರ ಉದ್ದೇಶ. ವರದಿಯೊಳಗೆ ಆ ಕಲ್ಲುಮನುಷ್ಯನ ಭಂಗಿಯ ವಿವರ ಇದೆ. ಬಲಗೈ ಹೆಬ್ಬೆರಳು ಮೂಗಿನ ಪಕ್ಕಕ್ಕೆ ಒರಗಿದೆ. ಎಡಗೈ ಹೆಬ್ಬೆರಳು ಗದ್ದಕ್ಕೆ ಆನಿಸಿದೆ. ಬಲಗಣ್ಣು ಮುಚ್ಚಿದೆ. ಬಲಗೈ ಬೆರಳುಗಳು ಅಗಲವಾಗಿ ಹರಡಿವೆ. ಓದುವಾಗ ಏನೂ ಅನ್ನಿಸುವುದಿಲ್ಲ, ಅಲ್ವಾ? ಈಗ ನಿಮ್ಮ ಕೈಯಲ್ಲೇ ಮಾಡಿ ನೋಡಿ. ಹೆಬ್ಬೆರಳು ಮೂಗಿಗೆ, ಬೆರಳು ಅಗಲ, ಒಂದು ಕಣ್ಣು ಮುಚ್ಚಿ. ಕಲ್ಲುಮನುಷ್ಯ ಕಣ್ಣು ಹೊಡೆದು ನಿಮ್ಮನ್ನು ಅಣಕಿಸುತ್ತಿದ್ದಾನೆ! ವಿವರಗಳನ್ನು ಹಿಂದುಮುಂದು ಮಾಡಿ ಬರೆದಿದ್ದರಿಂದ ಯಾರೂ ಭಂಗಿಯನ್ನು ಜೋಡಿಸಿ ನೋಡಲಿಲ್ಲ. ಬೇರೆ ಪತ್ರಿಕೆಗಳು ನಿಜವಾದ ಸುದ್ದಿಯಂತೆ ಮರುಮುದ್ರಿಸಿದವು.

ಮರುವರ್ಷ ಅವರು ಇನ್ನೊಂದು ಬರೆದರು. ಕಾರ್ಸನ್ ಊರಿನ ಹತ್ತಿರ ಒಬ್ಬ ತನ್ನ ಸಂಸಾರವನ್ನೇ ಕೊಂದ ಭೀಕರ ಕತೆ. ಬಾಣ ಇದ್ದದ್ದು ಸುಳ್ಳು ಲೆಕ್ಕ ತೋರಿಸಿ ಷೇರಿನ ಬೆಲೆ ಏರಿಸುತ್ತಿದ್ದ ಕಂಪನಿಗಳ ಮೇಲೆ. ಆ ಮನುಷ್ಯ ಹಣ ಕಳೆದುಕೊಂಡು ಹುಚ್ಚನಾದದ್ದು ಅಂಥ ಕಂಪನಿಯಿಂದ. ಆದರೆ ಆ ಭಾಗ ಇದ್ದದ್ದು ಕೊನೆಗೆ. ಜನ ರಕ್ತದ ವಿವರ ಓದಿ ಅಲ್ಲೇ ನಿಂತರು.

ಕೊನೆಗೆ ಇದ್ದದ್ದು ಅಂದೆನಲ್ಲ, ಅದಕ್ಕೆ ನನ್ನ ಡೆಸ್ಕಿನ ಒಂದು ರಾತ್ರಿ ನೆನಪಾಗುತ್ತದೆ. ಪುಟ ಬಿಡಲು ಅರ್ಧ ಗಂಟೆ ಇತ್ತು. ಹೊಸದಾಗಿ ಸೇರಿದ್ದ ಹುಡುಗಿ ಒಂದು ಸಿಂಗಲ್ ಕಾಲಂ ಸುದ್ದಿ ಮಾಡಿ ಕೊಟ್ಟಿದ್ದಳು: ಅಮೆರಿಕದ ವಿಮಾನ ಕಂಪನಿಯೊಂದು ಮೊಣಕಾಲಿಗೆ ಪ್ರತ್ಯೇಕ ಶುಲ್ಕ ವಿಧಿಸಲಿದೆ. ‘ಕಂಪನಿಯ ವಕ್ತಾರರು ತಿಳಿಸಿದ್ದಾರೆ’, ‘ಮುಂದಿನ ತಿಂಗಳಿನಿಂದ ಜಾರಿಗೆ ಬರಲಿದೆ’ ಎಲ್ಲವೂ ಅಚ್ಚುಕಟ್ಟು. ಒಂದು ಕಾಗುಣಿತದ ತಪ್ಪೂ ಇಲ್ಲ. ನನಗೆ ಆ ‘ಮೊಣಕಾಲು’ ಮಾತ್ರ ಚುಚ್ಚಿತು. ಮೂಲ ತೆಗೆಸಿ ನೋಡಿದೆ. ಅದೊಂದು ವಿಡಂಬನೆ ತಾಣ. ಕೊನೆಯ ಪ್ಯಾರಾದಲ್ಲಿ ವಕ್ತಾರ ಹೇಳುತ್ತಾನೆ, ಮೊಣಕಾಲನ್ನು ಮನೆಯಲ್ಲೇ ಬಿಟ್ಟು ಬರುವವರಿಗೆ ರಿಯಾಯಿತಿ ಇದೆ ಅಂತ.

‘ಈ ಪ್ಯಾರಾ ಎಲ್ಲಮ್ಮಾ?’ ಅಂದೆ.

‘ಜಾಗ ಇರ್ಲಿಲ್ಲ ಮೇಡಂ. ಕೆಳಗಿಂದ ಕತ್ತರಿಸಿದೆ.’

ಅವಳು ಮಾಡಿದ್ದು ನಾವು ಕಲಿಸಿದ್ದನ್ನೇ. ಸುದ್ದಿಯಲ್ಲಿ ಮುಖ್ಯವಾದದ್ದು ಮೇಲೆ, ಉಳಿದದ್ದು ಕೆಳಗೆ, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸು. ವಿಡಂಬನೆಯ ಬೀಗದ ಕೈ ಎಷ್ಟೋ ಸಲ ಅಲ್ಲೇ ಕೆಳಗೆ ಇರುತ್ತದೆ. ಇನ್ನೊಂದು ಕಷ್ಟ ಅನುವಾದದ್ದು. ಇಂಗ್ಲಿಷ್ ಓದುಗರಿಗೆ ಅದು ತಮ್ಮ ಪತ್ರಿಕೆಗಳ ಭಾಷೆಯ ಅಣಕ ಅಂತ ಹೊಳೆಯಬಹುದು. ನಾವು ಅದನ್ನು ‘ಎಂದು ಮೂಲಗಳು ತಿಳಿಸಿವೆ’ ಅನ್ನುವ ಕನ್ನಡಕ್ಕೆ ತಂದ ಕೂಡಲೇ ಅಣಕ ಸೋರಿಹೋಗಿ ಬರೀ ಸುದ್ದಿ ಉಳಿಯುತ್ತದೆ. ಅನುವಾದ ಎಷ್ಟು ಚೆನ್ನಾಗಿದ್ದರೆ ಅಪಾಯ ಅಷ್ಟು ಜಾಸ್ತಿ. ಆ ಹುಡುಗಿಯನ್ನು ಯಾರೂ ಬಯ್ಯಬಾರದು ಅಂತ ಅವತ್ತು ನಾನು ಹಟ ಹಿಡಿದೆ.

ದೊಡ್ಡದೊಡ್ಡವರೇ ಬಿದ್ದಿದ್ದಾರೆ. 2002ರಲ್ಲಿ ಬೀಜಿಂಗ್‌ನ ಒಂದು ಸಂಜೆ ಪತ್ರಿಕೆ, 2009ರಲ್ಲಿ ಬಾಂಗ್ಲಾದೇಶದ ಎರಡು ಪತ್ರಿಕೆಗಳು, 2012ರಲ್ಲಿ ಇರಾನಿನ ಫಾರ್ಸ್ ಸುದ್ದಿಸಂಸ್ಥೆ, ಎಲ್ಲರೂ ಆನಿಯನ್ ಬರಹವನ್ನು ಸುದ್ದಿ ಮಾಡಿದವರೇ. ಅದೇ 2012ರಲ್ಲಿ ಕಿಮ್ ಜಾಂಗ್ ಉನ್ ಅವರನ್ನು ಆನಿಯನ್ ‘ಜಗತ್ತಿನ ಅತಿ ಆಕರ್ಷಕ ಪುರುಷ’ ಅಂದಾಗ, ಚೀನಾದ ಪೀಪಲ್ಸ್ ಡೈಲಿ ತನ್ನ ತಾಣದಲ್ಲಿ 55 ಪುಟಗಳ ಚಿತ್ರಮಾಲೆ ಹಾಕಿತು. ಇಂಗ್ಲಿಷ್ ಬಾರದವರ ಪಾಡು ಇದು ಅನ್ನಬೇಡಿ. ಅದೇ ವರ್ಷ ಲೂಸಿಯಾನಾದ ಒಬ್ಬ ಸಂಸದರ ಫೇಸ್‌ಬುಕ್ ಪುಟದಲ್ಲೂ ಆನಿಯನ್ ಬರಹವೊಂದು ನಿಜವಾದ ಸುದ್ದಿಯಾಗಿ ಕಾಣಿಸಿಕೊಂಡಿತ್ತು.

ಇನ್ನೊಂದು ಬಗೆಯ ಗೊಂದಲ ಇದಕ್ಕಿಂತ ನಿಧಾನವಾಗಿ ಹರಡುತ್ತದೆ. ‘ನಮ್ಮ ಮನೆಯಿಂದ ರಷ್ಯಾ ಕಾಣುತ್ತದೆ’ ಅಂತ ಅಲಾಸ್ಕಾದ ಗವರ್ನರ್ ಆಗಿದ್ದು 2008ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಹೇಳಿದರು ಅಂತ ಇವತ್ತಿಗೂ ಓದಿದವರೇ ನನ್ನೆದುರು ವಾದ ಮಾಡುತ್ತಾರೆ. ಆ ಮಾತು ಅವರದ್ದಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಎಬಿಸಿ ಸಂದರ್ಶನದಲ್ಲಿ ಅವರು ಹೇಳಿದ್ದು, ಅಲಾಸ್ಕಾದ ಒಂದು ದ್ವೀಪದಿಂದ ರಷ್ಯಾದ ನೆಲ ಕಾಣುತ್ತದೆ ಅಂತ. ಅದು ಭೂಗೋಳದ ಮಟ್ಟಿಗೆ ಸರಿಯೇ. ‘ನಮ್ಮ ಮನೆಯಿಂದ’ ಅಂದದ್ದು ಅವರ ಪಾತ್ರ ಮಾಡಿದ ಟೀನಾ ಫೇ, ಎನ್‌ಬಿಸಿಯ ‘ಸ್ಯಾಟರ್‌ಡೇ ನೈಟ್ ಲೈವ್’ ಹಾಸ್ಯ ಕಾರ್ಯಕ್ರಮದಲ್ಲಿ, ಅದೇ ಸೆಪ್ಟೆಂಬರ್ 13ಕ್ಕೆ. ಅಲ್ಲಿ ಬಾಣ ಇದ್ದದ್ದು ನೆರೆಯ ದೇಶ ಕಾಣುವುದನ್ನೇ ವಿದೇಶಾಂಗದ ಅನುಭವ ಅಂತ ಲೆಕ್ಕ ಹಾಕಿದ್ದರ ಮೇಲೆ. ಆ ಪ್ರಶ್ನೆ ಮರೆತುಹೋಗಿದೆ. ಅವರು ಆಡದ ಮಾತು ಅವರ ಹೆಸರಿಗೇ ಅಂಟಿಕೊಂಡಿದೆ. ವಿಡಂಬನೆಗೆ ಇಂಥ ಶಕ್ತಿಯೂ ಇದೆ. ನನಗೆ ಆ ತುಣುಕು ಇಷ್ಟ. ಆದರೂ ಪೇಲಿನ್‌ಗೆ ಇದರಲ್ಲಿ ಅನ್ಯಾಯ ಆಗಿದೆ ಅಂತಲೇ ಅನ್ನಿಸುತ್ತದೆ.

ನಮ್ಮ ಕಸುಬಿನವರೂ ತಪ್ಪು ಮಾಡುತ್ತಾರೆ. 2018ರಲ್ಲಿ ‘ಬ್ಯಾಬಿಲಾನ್ ಬೀ’ ಎಂಬ ಕ್ರೈಸ್ತ ವಿಡಂಬನೆ ತಾಣ, ಸುದ್ದಿಯನ್ನು ತಿರುಚಿ ತಿರುಗಿಸಲು ಸಿಎನ್ಎನ್ ಭಾರೀ ವಾಷಿಂಗ್ ಮಷೀನ್ ಕೊಂಡಿದೆ ಅಂತ ಬರೆಯಿತು. ಹೆಸರಾಂತ ಫ್ಯಾಕ್ಟ್‌ಚೆಕ್ ತಾಣ ಸ್ನೋಪ್ಸ್ ಅದಕ್ಕೆ ‘ಸುಳ್ಳು’ ಎಂಬ ಮುದ್ರೆ ಒತ್ತಿತು. ಆ ಮುದ್ರೆ ನೋಡಿ ಫೇಸ್‌ಬುಕ್ ಬ್ಯಾಬಿಲಾನ್ ಬೀಗೆ ಎಚ್ಚರಿಕೆ ಕೊಟ್ಟಿತು, ಆಮೇಲೆ ತಪ್ಪೊಪ್ಪಿಕೊಂಡಿತು. ಸಿಎನ್ಎನ್ ವಾಷಿಂಗ್ ಮಷೀನ್ ಕೊಂಡಿಲ್ಲ ಅನ್ನುವುದು ಪಕ್ಕಾ. ಆದರೆ ಅದನ್ನು ಯಾರು ಕೇಳಿದ್ದರು? ‘ಸುಳ್ಳು’ ಬೇರೆ, ‘ವಿಡಂಬನೆ’ ಬೇರೆ. ಎರಡಕ್ಕೂ ಬೇರೆಬೇರೆ ಮುದ್ರೆ ಇರಲೇಬೇಕು.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಪುಟದ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ‘ವಿಡಂಬನೆ’ ಅಂತ ಬರೆದು, ಮೇಲೆ ಅಪ್ಪಟ ಸುಳ್ಳು ಮಾರಿ ಜಾಹೀರಾತಿನ ದುಡ್ಡು ಎಣಿಸುವ ತಾಣಗಳೂ ಇವೆ. ನಾನು ನೋಡಿದ ಮಟ್ಟಿಗೆ ಅವನ್ನು ಹಿಡಿಯಲಿಕ್ಕೂ ಅದೇ ಪ್ರಶ್ನೆ ಸಾಕಾಗುತ್ತದೆ. ಯಾರ ಮೇಲೆ? ಯಾವುದರ ಮೇಲೆ? ಅಂಥ ಬರಹದಲ್ಲಿ ಬಾಣವೇ ಇರುವುದಿಲ್ಲ. ನಟನೊಬ್ಬ ಸತ್ತ ಅನ್ನುವ ಸುಳ್ಳಿನಿಂದ ಯಾರಿಗೆ ಯಾವ ಕುಟುಕು? ಎಲ್ಲ ಸಲವೂ ಇಷ್ಟು ಸಲೀಸಾಗಿ ತೀರ್ಮಾನ ಆಗುತ್ತದೆ ಅಂತ ಮಾತ್ರ ನಾನು ಭರವಸೆ ಕೊಡಲಾರೆ.

ಬಾಣ ಎಲ್ಲರಿಗೂ ಒಂದೇ ಕಡೆ ಕಾಣುತ್ತದೆಯೇ ಅಂದರೆ ಅದೂ ಇಲ್ಲ. ‘ಕೋಲ್ಬರ್ಟ್ ರಿಪೋರ್ಟ್’ ಎಂಬ ಟಿವಿ ಹಾಸ್ಯ ಕಾರ್ಯಕ್ರಮದಲ್ಲಿ ಸ್ಟೀಫನ್ ಕೋಲ್ಬರ್ಟ್ ಹಟಮಾರಿ ಬಲಪಂಥೀಯ ನಿರೂಪಕನ ಪಾತ್ರ ಮಾಡುತ್ತಿದ್ದರು. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 332 ಜನರಿಗೆ ಅದನ್ನು ತೋರಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನನ್ನು ತುಂಬ ದಿನ ಕಾಡಿತು. ಎರಡೂ ಕಡೆಯವರಿಗೆ ಕಾರ್ಯಕ್ರಮ ಒಂದೇ ರೀತಿ ತಮಾಷೆ ಅನ್ನಿಸಿತ್ತು. ಆದರೆ ಕೋಲ್ಬರ್ಟ್ ತಮಾಷೆಯ ನಾಟಕ ಆಡುತ್ತಾ ಮನಸ್ಸಿನ ಮಾತನ್ನೇ ಹೇಳುತ್ತಿದ್ದಾರೆ ಅಂದುಕೊಳ್ಳುವುದು ಬಲಪಂಥೀಯ ಒಲವಿನವರಲ್ಲಿ ಉಳಿದವರಿಗಿಂತ ಹೆಚ್ಚಾಗಿತ್ತು.

ಅದೇ ಕೋಲ್ಬರ್ಟ್ 2011ರಲ್ಲಿ ಮಾಡಿದ ಕೆಲಸವನ್ನು ನಾನು ತರಬೇತಿಯಲ್ಲಿ ತಪ್ಪದೆ ಹೇಳುತ್ತೇನೆ. 2010ರ ನ್ಯಾಯಾಲಯದ ತೀರ್ಪುಗಳ ಬೆನ್ನಿಗೆ ‘ಸೂಪರ್ ಪ್ಯಾಕ್’ ಎಂಬ ಸಮಿತಿಗಳು ಹುಟ್ಟಿದ್ದವು. ಅವು ಚುನಾವಣೆಗೆ ಎಷ್ಟು ಬೇಕಾದರೂ ಹಣ ಎತ್ತಬಹುದು, ಅಭ್ಯರ್ಥಿಯ ಜತೆ ಹೊಂದಾಣಿಕೆ ಮಾತ್ರ ಇರಬಾರದು. ಕೋಲ್ಬರ್ಟ್ ಚುನಾವಣಾ ಆಯೋಗದ ಮುಂದೆ ಹೋಗಿ ನಿಜವಾದ ಸೂಪರ್ ಪ್ಯಾಕ್ ಕಟ್ಟಿದರು. 10 ಲಕ್ಷ ಡಾಲರಿಗೂ ಜಾಸ್ತಿ ಹಣ ಬಂತು. 2012ರ ಜನವರಿಯಲ್ಲಿ ತಾವೇ ಅಧ್ಯಕ್ಷ ಸ್ಥಾನದ ಕಡೆ ನೋಡುವಾಗ, ಕ್ಯಾಮೆರಾದ ಮುಂದೆಯೇ ಸಮಿತಿಯನ್ನು ಗೆಳೆಯ ಜಾನ್ ಸ್ಟೂವರ್ಟ್ ಕೈಗೆ ಒಪ್ಪಿಸಿದರು. ‘ಹೊಂದಾಣಿಕೆ ಇಲ್ಲ’ ಅನ್ನುವುದು ಎಷ್ಟು ತೆಳುವಾದ ಪರದೆ ಅಂತ ಇಡೀ ದೇಶಕ್ಕೆ ಕಂಡಿತು. 2014ರಲ್ಲಿ ಅನೆನ್‌ಬರ್ಗ್ ಕೇಂದ್ರದ ಅಧ್ಯಯನವೊಂದು, ಈ ಕಾರ್ಯಕ್ರಮ ನೋಡಿದವರಿಗೆ ಚುನಾವಣಾ ಹಣದ ನಿಯಮಗಳ ತಿಳಿವಳಿಕೆ ಹೆಚ್ಚಾಗಿತ್ತು ಅಂತ ಹೇಳಿತು. ಸಮಿತಿ ನಿಜ, ಹಣ ನಿಜ, ಆಯೋಗದ ಅನುಮತಿ ನಿಜ, ಎಲ್ಲವೂ ವಿಡಂಬನೆ. ನಿಜವೋ ಸುಳ್ಳೋ ಅಂತ ಇಲ್ಲಿ ಏನು ಕೇಳುತ್ತೀರಿ?

ತರಬೇತಿಗೆ ಬಂದವರಿಗೆ ನಾನು ಕೊಡುವ ಇನ್ನೊಂದು ಪಾಠ ಆನಿಯನ್‌ನ ಒಂದೇ ಒಂದು ತಲೆಬರಹ. 2014ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಐಲಾ ವಿಸ್ಟಾದಲ್ಲಿ ನಡೆದ ಹತ್ಯೆಗಳ ನಂತರ ಅದು ಮೊದಲು ಬಂತು. ಆಮೇಲೆ ಹಲವು ದೊಡ್ಡ ಗುಂಡಿನ ದಾಳಿಗಳು ನಡೆದಾಗ ಮತ್ತೆ ಮತ್ತೆ ಅದೇ ಬರಹ. ಊರು, ತಾರೀಕು, ಸತ್ತವರ ಸಂಖ್ಯೆ ಬದಲಾಗುತ್ತವೆ, ಉಳಿದದ್ದು ಹೆಚ್ಚುಕಮ್ಮಿ ಹಾಗೇ. 2022ರಲ್ಲಿ ಟೆಕ್ಸಸ್‌ನ ಯುವಾಲ್ಡಿ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತಾಗ ಆನಿಯನ್ ತನ್ನ ಮುಖಪುಟದ ತುಂಬ ಅದೊಂದೇ ತಲೆಬರಹದ ಹಳೆಯ ಬರಹಗಳನ್ನೆಲ್ಲ ಸಾಲಾಗಿ ಹಾಕಿತು.

‘‘No Way To Prevent This,’ Says Only Nation Where This Regularly Happens’ ಅನ್ನುವ ಆ ತಲೆಬರಹವನ್ನು ಕನ್ನಡಕ್ಕೆ ತನ್ನಿ ಅನ್ನುತ್ತೇನೆ. ಹೆಚ್ಚಿನವರು ಡೆಸ್ಕಿನ ಅಭ್ಯಾಸದಂತೆ ಚುಟುಕಾಗಿ ಬರೆಯುತ್ತಾರೆ: ‘ದಾಳಿ ತಡೆಯುವುದು ಅಸಾಧ್ಯ: ಅಮೆರಿಕ’. ಸುದ್ದಿಯಾಯಿತು, ಬಾಣ ಹೋಯಿತು. ಇಂಗ್ಲಿಷಿನಲ್ಲಿ ಕುಟುಕು ಇರುವುದು ಕೊನೆಯ ಮಾತಿನಲ್ಲಿ. ಕನ್ನಡದಲ್ಲಿ ಆ ಜಾಗಕ್ಕೆ ಕ್ರಿಯಾಪದ ಬಂದು ಕೂತುಬಿಡುತ್ತದೆ.

ಮೊಣಕಾಲಿನ ಹುಡುಗಿ ಈಗ ಡೆಸ್ಕಿನಲ್ಲಿ ಹಿರಿಯಳು. ಯುವಾಲ್ಡಿಯ ವಾರ ಅವಳು ನನ್ನ ಪಕ್ಕ ಕೂತು, ಕಾಫಿ ಆರಿಹೋಗುವವರೆಗೂ ಅದೊಂದು ಸಾಲನ್ನು ಬರೆದು ಹೊಡೆದು ಬರೆದಳು. ಕೊನೆಗೆ ಹಾಳೆ ನನ್ನ ಕಡೆ ತಳ್ಳಿದಳು. ‘‘ತಡೆಯಲು ದಾರಿಯೇ ಇಲ್ಲ’ ಎಂದಿತು, ಇದು ಪದೇ ಪದೇ ನಡೆಯುವ ಏಕೈಕ ದೇಶ.’

‘ಸರಿಯಾಯ್ತಾ ಮೇಡಂ?’ ಅಂದಳು.

ಆಗಿತ್ತು. ಆ ಹಾಳೆ ಇನ್ನೂ ನನ್ನ ಮೇಜಿನ ಗಾಜಿನ ಕೆಳಗಿದೆ.