ಪದ ಪರಿಚಯ: ಫೌತಿ ಖಾತೆ

"ಅಪ್ಪ ಫೌತಾಗಿ ಹನ್ನೊಂದು ವರ್ಷ ಆಯ್ತ್ರಿ. ಪಹಣ್ಯಾಗ ಅಣ್ಣಂದೇ ಹೆಸರು ಬಂದದ. ಇನ್ನ ಹೊಲದಾಗ ನಂದೇನೂ ಇಲ್ಲೇನ್ರಿ?"

ತಹಸೀಲ್ ಕಚೇರಿಯ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತಿದ್ದ ಆಳಂದ ಕಡೆಯ ಹೆಣ್ಣುಮಗಳೊಬ್ಬರು ನನ್ನನ್ನು ಹೀಗೆ ಕೇಳಿದರು. ನಾನು ಅಂದು ನಮ್ಮ ಅಜ್ಜನ ಹೊಲದ ನಕಲು ತೆಗೆಸಲು ಹೋಗಿದ್ದೆ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷ ಮೇಲಾಗಿದ್ದರೂ ಪಹಣಿ, ಅಂದರೆ ಹೊಲ ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಕಂದಾಯ ದಾಖಲೆ, ಇನ್ನೂ ಅವರ ಹೆಸರಿನಲ್ಲೇ ಇತ್ತು. ಆ ಅಕ್ಕನ ಮನೆಯಲ್ಲಿ ಹೆಸರು ಬದಲಾಗಿದ್ದೇ ತಕರಾರು, ನಮ್ಮ ಮನೆಯಲ್ಲಿ ಬದಲಾಗದೇ ಇದ್ದದ್ದು ತಕರಾರು. ಎರಡಕ್ಕೂ ಕಾರಣ ಒಂದೇ. "ಫೌತಿ" ಅನ್ನೋ ಪದ ಎಲ್ಲರ ಬಾಯಲ್ಲೂ ಇದೆ, ಅದರ ಕೆಲಸ ಏನು ಅಂತ ಬಿಡಿಸಿ ಹೇಳಿದವರು ಕಡಿಮೆ.

ಪದದಿಂದಲೇ ಶುರು ಮಾಡೋಣ. "ಫೌತ್" ಅರಬ್ಬಿ ಮಾತು. ಕೈತಪ್ಪಿ ಹೋಗುವುದು, ದಾಟಿ ಹೋಗುವುದು ಅಂತ ಅದರ ಅರ್ಥ. ಉರ್ದುವಿಗೆ ಬಂದಾಗ ತೀರಿಕೊಳ್ಳುವುದು ಅಂತಾಯಿತು. ನಮ್ಮ ಕಲಬುರಗಿ, ಬೀದರ್, ಯಾದಗಿರಿ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಆಳ್ವಿಕೆ ಹೋಯಿತು, ಕಚೇರಿಯ ಮಾತು ಉಳಿಯಿತು. ವಾರಸದಾರ, ಕಬ್ಜಾ, ತಕರಾರು, ನಕಲು, ಹಕ್ಕು ಎಲ್ಲವೂ ಇದೇ ದಾರಿಯಲ್ಲಿ ಬಂದವು. ಹಳೆಯ ದಾಖಲೆಗಳಲ್ಲಿ ಇಸವಿಯೂ ಫಸಲಿ, ಅಂದರೆ ಹಳೆಯ ಕಂದಾಯ ವರ್ಷದ ಲೆಕ್ಕದಲ್ಲೇ ಇರುತ್ತದೆ. 1350 ಫಸಲಿ ಅಂತ ಕಂಡರೆ ಗಾಬರಿ ಬೇಡ, 590 ಕೂಡಿಸಿ, ಹೆಚ್ಚುಕಡಿಮೆ 1940 ಆಗುತ್ತದೆ. ಸರ್ಕಾರಿ ಕಾಗದಗಳಲ್ಲಿ ಈಗ ಜಾಸ್ತಿ "ಪೌತಿ" ಅಂತಲೇ ಬರೆಯುತ್ತಾರೆ. ನಮ್ಮ ಕಡೆಯ ನಾಲಿಗೆಗೆ "ಫೌತಿ"ಯೇ ರೂಢಿ. ಎರಡೂ ಒಂದೇ.

ಫೌತಿ ಖಾತೆ ಅಂದರೆ, ಹೊಲದ ಖಾತೆದಾರ ತೀರಿಕೊಂಡ ಮೇಲೆ ಪಹಣಿಯಲ್ಲಿ ಅವರ ಹೆಸರು ತೆಗೆದು ವಾರಸದಾರರ ಹೆಸರು ಸೇರಿಸುವ ಕೆಲಸ. ವಾರಸಾ ಖಾತೆ ಅಂತಲೂ ಅನ್ನುತ್ತಾರೆ. ಹೀಗೆ ಖಾತೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದಕ್ಕೆಲ್ಲ ಒಟ್ಟಾಗಿ ಮ್ಯುಟೇಶನ್ ಅನ್ನುತ್ತಾರೆ. ಖರೀದಿ ಆದಾಗ, ದಾನ ಕೊಟ್ಟಾಗ, ಪಾಲಾದಾಗಲೂ ಮ್ಯುಟೇಶನ್ ಆಗುತ್ತದೆ. ಸಾವಿನಿಂದ ಆದದ್ದು ಮಾತ್ರ ಫೌತಿ. ಇದೆಲ್ಲ ನಡೆಯುವುದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಪ್ರಕಾರ.

ಈಗ ಆ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಬಂದರೆ ತಂಗಿಯ ಹಕ್ಕು ಹೋಯಿತಾ?

ಇಲ್ಲ. ಹೋಗಿಲ್ಲ.

ಹಕ್ಕು ಹುಟ್ಟುವುದು ಪಹಣಿಯಿಂದ ಅಲ್ಲ. ವಾರಸಾ ಕಾನೂನಿನಿಂದ, ನೋಂದಣಿ ಆದ ಪತ್ರದಿಂದ, ಕೋರ್ಟಿನ ಡಿಕ್ರಿಯಿಂದ, ಅಂದರೆ ತೀರ್ಪಿನ ಆದೇಶದಿಂದ. ಈ ಹೊಲದ ಕಂದಾಯ ಯಾರಿಂದ ವಸೂಲಿ ಮಾಡಬೇಕು, ಯಾರ ಜೊತೆ ವ್ಯವಹರಿಸಬೇಕು ಅಂತ ಸರ್ಕಾರ ಇಟ್ಟುಕೊಂಡ ಲೆಕ್ಕವೇ ಪಹಣಿ. ಮ್ಯುಟೇಶನ್ ಯಾರಿಗೂ ಒಡೆತನ ಕೊಡುವುದಿಲ್ಲ, ಯಾರ ಒಡೆತನವನ್ನೂ ಕಿತ್ತುಕೊಳ್ಳುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು, 1997ರಲ್ಲಿ ಹೇಳಿತು, 2021ರಲ್ಲಿ ಮತ್ತೆ ಹೇಳಿತು.

ಹಾಗಂತ ಪಹಣಿ ಸುಮ್ನೆ ಒಂದು ಚೀಟಿ ಅಂತ ತಿಳಿಯಬಾರದು. ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಸುಳ್ಳು ಅಂತ ಸಾಬೀತಾಗುವವರೆಗೆ ಪಹಣಿಯಲ್ಲಿ ಬರೆದದ್ದನ್ನು ನಿಜ ಅಂತಲೇ ಹಿಡಿಯಬೇಕು. ಹಾಗಾಗಿ ಹೆಸರು ಬಿಟ್ಟುಹೋದವರ ಹಕ್ಕು ಉಳಿದಿರುತ್ತದೆ, ಆದರೆ ಅದನ್ನು ಸಾಬೀತು ಮಾಡುವ ಭಾರ ಅವರ ತಲೆ ಮೇಲೆ ಬೀಳುತ್ತದೆ. ಕೋರ್ಟಿಗೆ ಅಲೆದವರಿಗೇ ಗೊತ್ತು ಆ ಭಾರ ಎಷ್ಟು ಅಂತ.

ಹೊಲದ ದಿನದಿನದ ವ್ಯವಹಾರವೂ ಪಹಣಿಯ ಮೇಲೇ ನಿಂತಿದೆ. ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತರ ನೋಂದಣಿ ನಂಬರ್) ಆಗಬೇಕು, ಬೆಳೆಸಾಲ ಬೇಕು, ಬೆಂಬಲ ಬೆಲೆಗೆ ತೊಗರಿ ಕೊಡಬೇಕು, ಭೀಮಾ ಉಕ್ಕಿ ಹೊಲ ಮುಳುಗಿದಾಗ ಪರಿಹಾರ ಬರಬೇಕು ಅಂದರೆ ಎಲ್ಲರೂ ಕೇಳುವುದು ಪಹಣಿಯಲ್ಲಿರುವ ಹೆಸರು. ಅದು ಸತ್ತವರ ಹೆಸರಾಗಿದ್ದರೆ ಹಣ ಯಾರ ಖಾತೆಗೆ ಬರಬೇಕು? ನಮ್ಮ ಮನೆಯಲ್ಲಿ ಆದದ್ದು ಇದೇ. ಒಂದು ವರ್ಷ ತೊಗರಿ ನೆಟೆರೋಗಕ್ಕೆ ಒಣಗಿ ಹೋಯಿತು. ಅಕ್ಕಪಕ್ಕದ ಹೊಲದವರಿಗೆ ವಿಮೆ ಹಣ ಬಂತು, ನಮಗೆ ಬರಲಿಲ್ಲ. ಅಜ್ಜನ ಹೆಸರಿನಲ್ಲಿ ವಿಮೆ ಕಟ್ಟಲು ಆಗಿರಲೇ ಇಲ್ಲ.

ಇನ್ನು, ವಾರಸದಾರರು ಅಂದರೆ ಯಾರು? ಜಗಳ ಹುಟ್ಟುವುದೇ ಇಲ್ಲಿ. ಇದನ್ನು ನಿಧಾನವಾಗಿ ಹೇಳುತ್ತೇನೆ.

ಹಿಂದೂ ಕುಟುಂಬದ ಗಂಡಸು ತಾನೇ ದುಡಿದು ಕೊಂಡ ಹೊಲ ಬಿಟ್ಟು, ಉಯಿಲು ಬರೆಯದೆ ತೀರಿಕೊಂಡರು ಅನ್ನಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವರ ಹೆಂಡತಿ, ತಾಯಿ ಬದುಕಿದ್ದರೆ ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಎಂಟು ಎಕರೆ ಇದೆ, ಹಿಂದೆ ಉಳಿದವರು ಹೆಂಡತಿ, ಇಬ್ಬರು ಗಂಡು, ಇಬ್ಬರು ಹೆಣ್ಣುಮಕ್ಕಳು. ಐದು ಪಾಲು. ಎಂಟು ಎಕರೆಗೆ 320 ಗುಂಟೆ, ಒಬ್ಬೊಬ್ಬರಿಗೆ 64 ಗುಂಟೆ, ಅಂದರೆ 1 ಎಕರೆ 24 ಗುಂಟೆ. ಮಗಳಿಗೂ ಅಷ್ಟೇ, ಮಗನಿಗೂ ಅಷ್ಟೇ. ಮದುವೆಯಾಗಿ ಉದಗೀರಕ್ಕೋ ಜಹೀರಾಬಾದಿಗೋ ಹೋಗಿದ್ದರೂ ಅಷ್ಟೇ. ರಾಜ್ಯದ ಗಡಿ ದಾಟಿದ ಮಾತ್ರಕ್ಕೆ ಪಾಲು ಕರಗುವುದಿಲ್ಲ. ಮದುವೆಯಲ್ಲಿ ಬಂಗಾರ ಕೊಟ್ಟಿದ್ದೇವೆ, ಅಲ್ಲಿಗೆ ಮುಗೀತು ಅನ್ನುವ ಮಾತು ಊರಿನ ಕಟ್ಟೆಯಲ್ಲಿ ನಡೆಯಬಹುದು. ಕಾನೂನಿನಲ್ಲಿ ಅದಕ್ಕೆ ಜಾಗ ಇಲ್ಲ.

ಪಿತ್ರಾರ್ಜಿತ ಆಸ್ತಿಯ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು. ಮೊದಲು ಅದು ಗಂಡುಮಕ್ಕಳಿಗೆ ಮಾತ್ರ ಇತ್ತು. ನಮ್ಮ ರಾಜ್ಯ 1994ರಲ್ಲೇ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಎಷ್ಟೋ ಅಕ್ಕಂದಿರು ಹೊರಗೆ ಉಳಿದು, ತಂಗಿಯರು ಒಳಗೆ ಬಂದರು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆದುಹಾಕಿತು. ಆ ದಿನಕ್ಕೆ ಅಪ್ಪ ಬದುಕಿರಬೇಕಾ ಬೇಡವಾ ಅನ್ನುವ ಗೊಂದಲ ಬಹಳ ವರ್ಷ ಇತ್ತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬದುಕಿರಬೇಕಾಗಿಲ್ಲ ಅಂತ ತೀರ್ಮಾನ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ ಮಾತ್ರ ಅದನ್ನು ಮತ್ತೆ ಕೆದಕಲು ಬರುವುದಿಲ್ಲ. ನಿಮ್ಮ ಹೊಲ ಯಾವ ಬಗೆಯದು, ಯಾರಿಗೆ ಎಷ್ಟು ಅನ್ನುವುದನ್ನು ವಕೀಲರ ಮುಂದೆ ಕಾಗದ ಇಟ್ಟು ಲೆಕ್ಕ ಹಾಕಿಸಿ.

ಮುಸ್ಲಿಂ ಕುಟುಂಬಗಳಿಗೆ ಅವರ ವೈಯಕ್ತಿಕ ಕಾನೂನು ನಡೆಯುತ್ತದೆ. ಮಗಳ ಪಾಲು ಮಗನ ಪಾಲಿನ ಅರ್ಧ. ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು ಪಾಲು. ಅರ್ಧ ಅಂದರೆ ಇಲ್ಲ ಅಂತಲ್ಲ. ಫೌತಿಯಲ್ಲಿ ಅವರ ಹೆಸರೂ ಬರಬೇಕು.

ಅರ್ಜಿ ಹಾಕುವುದು ಕಷ್ಟದ ಕೆಲಸ ಅಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸದಾರರೆಲ್ಲರ ಆಧಾರ್ ನಕಲು ಇಟ್ಟುಕೊಂಡು ನಾಡಕಚೇರಿಗೆ ಹೋಗಬೇಕು. ಭೂ ಕಂದಾಯ ಕಾಯ್ದೆಯ 128ನೇ ಕಲಂ ಪ್ರಕಾರ ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಕೊಡಬೇಕು. ವರದಿ ಕೊಟ್ಟವರಿಗೆ ಅಧಿಕಾರಿ ಲಿಖಿತ ಸ್ವೀಕೃತಿ ಕೊಡಬೇಕು ಅಂತಲೂ ಅದೇ ಕಲಂ ಹೇಳುತ್ತದೆ. ಆ ಚೀಟಿ ಇಸ್ಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ತಡವಾಗಿದ್ದರೂ ಅರ್ಜಿ ಹಾಕಿ, ತಡವಾದ ಮಾತ್ರಕ್ಕೆ ಪಾಲು ಹೋಗುವುದಿಲ್ಲ. ನಮ್ಮದು ಇಪ್ಪತ್ತು ವರ್ಷ ತಡವಾಗಿತ್ತು. ಮರಣ ನೋಂದಣಿ ಮಾತ್ರ ಹೊತ್ತಿಗೆ ಸರಿಯಾಗಿ ಮಾಡಿಸಿ. ಅದಕ್ಕೆ 21 ದಿನದ ಗಡುವು ಇದೆ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಅಜ್ಜನ ಮರಣ ಬರೆಸಿರಲೇ ಇಲ್ಲ. ನಮಗೆ ಜಾಸ್ತಿ ಅಲೆದಾಟ ಆದದ್ದು ಹೊಲದ ಕಾಗದಕ್ಕಲ್ಲ, ಈ ಒಂದು ಹಾಳೆಗೆ.

ಇಷ್ಟರಲ್ಲೂ ಕಣ್ಣಿಟ್ಟು ನೋಡಬೇಕಾದದ್ದು ವಂಶವೃಕ್ಷ. ಯಾರ ಹೆಸರು ಅದರಲ್ಲಿ ಇಲ್ಲವೋ ಅವರು ಪಹಣಿಗೂ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಅದನ್ನು ಬರೆಸುವವರು ಗಂಡಸರು. "ಹೆಣ್ಮಕ್ಕಳ ಹೆಸರು ಯಾಕ, ಸುಮ್ನೆ ಸಹಿಗೆ ಓಡಾಡಬೇಕಾಗ್ತದ" ಅಂತ ಬಿಟ್ಟುಬಿಡುತ್ತಾರೆ. ಬರೀ ಉದಾಸೀನ ಅಂತ ಇದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಇರುವ ಮಗಳನ್ನು ಇಲ್ಲ ಅಂತ ಅಫಿಡವಿಟ್ ಮಾಡಿ ಸಹಿ ಹಾಕುವುದು ಅಪರಾಧ. 2025ರಲ್ಲಿ ಸರ್ಕಾರ ಇ-ಪೌತಿ ಆಂದೋಲನ ಶುರು ಮಾಡಿದೆ, ಗ್ರಾಮ ಆಡಳಿತ ಅಧಿಕಾರಿಗಳು ಊರಿಗೇ ಬಂದು ವಿವರ ಬರೆದುಕೊಳ್ಳುತ್ತಾರೆ. ಅವರು ಬಂದಾಗ ಅವ್ವ, ಅಕ್ಕ, ತಂಗಿ, ತೀರಿಹೋದ ಅಣ್ಣನ ಹೆಂಡತಿ ಮಕ್ಕಳು, ಎಲ್ಲರ ಹೆಸರನ್ನೂ ಬಾಯಿಬಿಟ್ಟು ಹೇಳಿ.

ಅರ್ಜಿ ಬಂದ ಮೇಲೆ ಸಂಬಂಧಪಟ್ಟವರಿಗೆಲ್ಲ ನೋಟಿಸು ಹೋಗಬೇಕು, ಚಾವಡಿಯಲ್ಲೂ ಹಚ್ಚಬೇಕು. ದುಡಿಯಲು ಮುಂಬೈ, ಪುಣೆಗೆ ಹೋದವರಿಗೆ ಚಾವಡಿಯ ನೋಟಿಸು ಹೇಗೆ ಕಾಣಬೇಕು? ಸರ್ಕಾರದ ಭೂದಾಖಲೆಗಳ "ಭೂಮಿ" ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿದರೆ ಆ ಹೊಲದ ಮ್ಯುಟೇಶನ್ ಯಾವ ಹಂತದಲ್ಲಿದೆ ಅಂತ ಮೊಬೈಲಿನಲ್ಲೇ ಕಾಣುತ್ತದೆ. ಆಗಾಗ ನೋಡುತ್ತಿರಿ. ಒಪ್ಪಿಗೆ ಇಲ್ಲದಿದ್ದರೆ ನೋಟಿಸಿನಲ್ಲಿ ಹೇಳಿದ ಅವಧಿಯೊಳಗೆ ತಕರಾರು ಅರ್ಜಿ ಕೊಡಿ. ಬಾಯಿಮಾತಿನಲ್ಲಿ ಹೇಳಿದರೂ ಕಾನೂನು ಒಪ್ಪುತ್ತದೆ, ಬರೆದು ಕೊಡುವುದು ಒಳ್ಳೆಯದು. ತಕರಾರು ಬಂತು ಅಂದರೆ ಅದನ್ನು ಬೇರೆ ವಹಿಯಲ್ಲಿ ಬರೆದುಕೊಂಡು, ಎರಡೂ ಕಡೆಯವರನ್ನು ಕೇಳಿ ತೀರ್ಮಾನ ಮಾಡಬೇಕು.

ಹೆಸರು ಆಗಲೇ ತಪ್ಪಿಹೋಗಿದ್ದರೆ 136ನೇ ಕಲಂ ಇದೆ. ಅದರಡಿ ಸಹಾಯಕ ಆಯುಕ್ತರಿಗೆ ಮೇಲ್ಮನವಿ ಹಾಕಬಹುದು. ಕಲಬುರಗಿ ಅಲ್ಲದೆ ಸೇಡಂನಲ್ಲೂ ಆ ಕಚೇರಿ ಇದೆ, ಬೀದರ್ ಜಿಲ್ಲೆಯವರಿಗೆ ಬಸವಕಲ್ಯಾಣದಲ್ಲೂ ಇದೆ. ಅವರ ಆದೇಶವೂ ಸರಿ ಅನ್ನಿಸದಿದ್ದರೆ ಜಿಲ್ಲಾಧಿಕಾರಿಗಳ ಹತ್ತಿರ ಹೋಗಬಹುದು. ಆದರೆ ಒಂದು ಮಾತು ನೆನಪಿರಲಿ. ಈ ಕಚೇರಿಗಳು ಹೆಸರು ತಿದ್ದಬಲ್ಲವು, ಒಡೆತನದ ಜಗಳ ಬಿಡಿಸಲಾರವು. ಉಯಿಲು ನಿಜವೋ ಸುಳ್ಳೋ, ಪಾಲು ಯಾರಿಗೆ ಎಷ್ಟು ಅನ್ನುವುದೆಲ್ಲ ಸಿವಿಲ್ ಕೋರ್ಟಿನ ಕೆಲಸ. ಕೋರ್ಟ್ ಡಿಕ್ರಿ ಕೊಟ್ಟರೆ ಪಹಣಿ ಅದರಂತೆ ಬದಲಾಗಬೇಕು. 135ನೇ ಕಲಂ ಹೇಳುವುದು ಇದನ್ನೇ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹೆಣ್ಣುಮಕ್ಕಳು ಹಿಂದೆ ಸರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಸಿಗುತ್ತಾರೆ. ತಾಲೂಕು ಕೋರ್ಟಿನಲ್ಲೇ ಇದರ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಯಿತು.

ಆ ಅಕ್ಕ ಇನ್ನೂ ಎರಡು ಮಾತು ಕೇಳಿದರು. "ಅಣ್ಣ ಇಷ್ಟು ವರ್ಷ ಸಾಗು ಮಾಡ್ಯಾನ, ಹನ್ನೆರಡು ವರ್ಷ ದಾಟಿದ್ರ ಹೊಲ ಅವಂದೇ ಆಗ್ತದಂತ, ಹೌದೇನ್ರಿ?" ಅಣ್ಣತಮ್ಮ, ಅಕ್ಕತಂಗಿಯರ ನಡುವೆ ಅಷ್ಟು ಸುಲಭಕ್ಕೆ ಹಾಗೆ ಆಗುವುದಿಲ್ಲ. ಜಂಟಿ ಹೊಲವನ್ನು ಒಬ್ಬ ಸಾಗು ಮಾಡಿದರೆ ಅದು ಎಲ್ಲರ ಪರವಾಗಿ ಮಾಡಿದ್ದು ಅಂತಲೇ ಕೋರ್ಟ್ ನೋಡುತ್ತದೆ. "ನಿನಗೆ ಇದರಲ್ಲಿ ಪಾಲಿಲ್ಲ" ಅಂತ ಎದುರಿಗೇ ಹೇಳಿ, ಹೊರಗೆ ಹಾಕಿ, ಹನ್ನೆರಡು ವರ್ಷ ಕಳೆದಿದ್ದರೆ ಮಾತು ಬೇರೆ. ಅದಕ್ಕೇ ಹಾಗೆ ಹೇಳಿಸಿಕೊಂಡ ದಿನವೇ ಎಚ್ಚರ ಆಗಬೇಕು.

ಇನ್ನೊಂದು ಮಾತು ಸಹಿಯದು. ನೂರು ರೂಪಾಯಿ ಬಾಂಡಿನ ಮೇಲೆ "ನನಗೆ ಪಾಲು ಬೇಡ" ಅಂತ ಅವರಿಂದ ಬರೆಸಿಕೊಂಡಿದ್ದರಂತೆ. ಹಕ್ಕು ಬಿಡುಗಡೆ ಪತ್ರ ಅಂದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಆಗಿಲ್ಲದಿದ್ದರೆ ಅದರಿಂದ ಹೊಲದ ಹಕ್ಕು ಕೈಬಿಟ್ಟು ಹೋಗುವುದಿಲ್ಲ. ಇದನ್ನು ಹೇಳಿದಾಗ ಅವರು ಸೆರಗಿನ ಗಂಟು ಬಿಚ್ಚಿ ಮಡಿಸಿದ ಪಹಣಿ ತೆಗೆದರು. ಇಬ್ಬರೂ ಕೂಡಿ ಓದಿದೆವು. 9ನೇ ಕಾಲಂನಲ್ಲಿ ಅಣ್ಣನ ಹೆಸರು. ಆ ಹೆಸರು ಯಾವ ದಾರಿಯಿಂದ ಬಂತು ಅಂತ 10ನೇ ಕಾಲಂನಲ್ಲಿರುತ್ತದೆ. ಅಲ್ಲಿ ಒಂದು ಎಂಆರ್ ನಂಬರ್, ಅಂದರೆ ಮ್ಯುಟೇಶನ್ ವಹಿಯ ನಂಬರ್ ಇತ್ತು. ಆ ನಂಬರ್ ಕೊಟ್ಟರೆ ಮ್ಯುಟೇಶನ್ ವಹಿಯ ನಕಲು ಸಿಗುತ್ತದೆ, ಯಾವ ವಂಶವೃಕ್ಷ ಕೊಟ್ಟರು, ನೋಟಿಸು ಯಾರಿಗೆ ಹೋಯಿತು ಅನ್ನುವುದನ್ನು ಅಲ್ಲಿಂದ ಹುಡುಕಬಹುದು. ಅವರು ಆ ನಂಬರನ್ನು ಅಂಗೈ ಮೇಲೆ ಬರೆಸಿಕೊಂಡು ನಕಲು ಕೊಡುವ ಕಿಟಕಿಯ ಸಾಲಿನಲ್ಲಿ ಹೋಗಿ ನಿಂತರು.